ನೀರುನಾಯಿ ಹುಡುಕಿಕೊಂಡು ಹೊಗೇನಕಲ್ಲಿಗೆ ಹೋದ ಕ್ಯಾಮರಾ

ಮುಳ್ಳೂರಿನಿಂದ ಬೆಳಿಗ್ಗೆ ಏಳರ ಬಸ್ಸಿಗೆ ನಾವಿಬ್ಬರು ಹೊರಟೆವು. ಇಬ್ಬರು ಅಂದರೆ ನಾನು, ನನ್ನ ಮಗನ ಮಗಳು ಪವಿತ್ರ. ನನ್ನ ಕೈಲಿ ಬುತ್ತಿ ಗಂಟು, ಅವಳ ಹೆಗಲಲ್ಲಿ ಕ್ಯಾಮರಾ. ನಾನು ಓದಿದ್ದು ಮೂರನೇ ಕ್ಲಾಸು. ಇಷ್ಟುದ್ದ ಯಾವತ್ತೂ ಬರೆದವಳಲ್ಲ. ಆದರೆ ಈ ಸಂಗತಿಯನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿರೋಕೆ ಆಗಲಿಲ್ಲ.

ಪವಿತ್ರ ಕೊಳ್ಳೇಗಾಲದ ಒಂದು ಫೋಟೋ ಸ್ಟುಡಿಯೋದಲ್ಲಿ ಎರಡು ವರ್ಷದಿಂದ ಇದ್ದಾಳೆ. ಆಧಾರಕ್ಕೆ, ಪರೀಕ್ಷೆಗೆ ಫೋಟೋ ತೆಗೆಯೋದು, ಆಲ್ಬಂ ಅಂಟಿಸೋದು ಅವಳ ಕೆಲಸ. ಹೊರಗಡೆ ಕೆಲಸಕ್ಕೆ ಯಜಮಾನರು ಗಂಡು ಹುಡುಗರನ್ನೇ ಕಳಿಸೋರು. ಹನೂರಿನ ಒಂದು ಶಾಲೆಯವರು ಬಂದು, ಕ್ಯಾಲೆಂಡರಿಗೆ ನಮ್ಮ ಹೊಳೆಯ ನೀರುನಾಯಿ ಫೋಟೋ ಬೇಕು ಅಂದಾಗ, ಇವಳೇ ಮುಂದೆ ನಿಂತು "ನಾನು ಓಯ್ತೀನಿ ಅಣ್ಣ" ಅಂದಳಂತೆ. "ಓಗವ್ವ. ಕ್ಯಾಮರಾ ನೆಂದು ಬಂದ್ರೆ ಮಾತ್ರ ನಿಂಗೆ ಕೊನೇವರ್ಗೂ ಆಲ್ಬಮ್ಮೇ ಗತಿ" ಅಂದರಂತೆ ಅವರು. ಒಬ್ಬಳನ್ನೇ ಕಳಿಸೋಕೆ ಅವಳವ್ವ ಒಪ್ಪಲಿಲ್ಲ. ಹೊಳೆದಂಡೆಯಲ್ಲೇ ಮುದುಕಿಯಾದವಳು ನಾನು, ನಾನೇ ಜೊತೆಗೆ ನಿಂತೆ.

ಹಿಂದಿನ ದಿನ ಅವಳು ಮಾಡಿದ್ದನ್ನ ನೀವು ನೋಡಬೇಕಿತ್ತು. ರಬ್ಬರಿನಂಥ ಒಂದು ಹಳದಿ ಚೀಲ ತಂದಿದ್ದಳು. ಡ್ರೈ ಬ್ಯಾಗ್ ಅಂತಾರಂತೆ. ಅದರೊಳಗೆ ಒಂದು ಪೇಪರ್ ಹಾಳೆ ಹಾಕಿ, ಬಾಯನ್ನ ಮೂರು ಸಲ ಮಡಚಿ, ಕ್ಲಿಪ್ಪು ಒತ್ತಿ, ದನ ಕುಡಿಯೋ ತೊಟ್ಟಿಯಲ್ಲಿ ಮುಳುಗಿಸಿ ಹಿಡಿದಳು. ನೂರು ಎಣಿಸಿ ತೆಗೆದಳು. ಹಾಳೆ ಗರಿಗರಿ! "ಎರಡು ಮಡಿಕೆ ಸಾಲ್ದು ಅಜ್ಜಿ, ಮೂರಾಗ್ಲೇಬೇಕು. ಒಳಗೆ ಒಸಿ ಗಾಳಿ ಬಿಡ್ಬೇಕು, ಬಿದ್ರೂ ತೇಲ್ತದೆ" ಅಂದಳು. ಬೀದಿಯವರನ್ನೆಲ್ಲ ಕರೆದು ಇನ್ನೊಂದು ಸಲ ಮಾಡಿಸಿದೆ.

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿದೆವು. ಹೆಂಗಸರಾದ್ದರಿಂದ ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಸೊನ್ನೆ ಟಿಕೆಟ್ಟು. ಹನೂರಿನಲ್ಲಿ ಟೀ ಕುಡಿದೆವು. ಅಲ್ಲಿಂದ ಮುಂದೆ ರಸ್ತೆ ಹಾವಿನ ಹಾಗೆ ಸುತ್ತಿಕೊಂಡು ಏರುತ್ತೆ. ಮಧ್ಯಾಹ್ನಕ್ಕೆ ಮಾದಪ್ಪನ ಬೆಟ್ಟ ಸೇರಿದೆವು. ದಾಸೋಹದಲ್ಲಿ ಅನ್ನ ಸಾರು ಉಂಡು ಅಲ್ಲೇ ಉಳಿದೆವು.

ಮಾರನೇ ದಿನ ಬೆಳಿಗ್ಗೆ ದರ್ಶನ ಆಯಿತು. ಅಭಿಷೇಕದ ನೀರಲ್ಲಿ ನೆಂದ ಬಿಲ್ವಪತ್ರೆ, ಎರಡು ಸೇವಂತಿಗೆ ಕೈಗೆ ಬಂತು. ಪವಿತ್ರ ಇಡ್ಲಿ ತರೋಕೆ ಹೋಗಿದ್ದಳು. ಹೊಳೆ ಮೇಲೆ ಹೋಗೋ ವಸ್ತು, ಮಾದಪ್ಪ ಕಾಯಲಿ ಅಂದುಕೊಂಡು ಹಳದಿ ಚೀಲ ಬಿಚ್ಚಿ, ಹೂವು ಪತ್ರೆ ಕ್ಯಾಮರಾದ ಪಕ್ಕ ಇಟ್ಟೆ. ಬಾಯನ್ನ ಅವಳು ಹೇಳಿಕೊಟ್ಟಿದ್ದ ಹಾಗೇ ಮಡಚಿದೆ. ಮೂರಕ್ಕೆ ಮೂರು. ಮೂರನೇ ಕ್ಲಾಸಿನವಳು ಲೆಕ್ಕ ತಪ್ಪಲಿಲ್ಲ ಅಂತ ನನಗೆ ನಾನೇ ಹಿಗ್ಗಿದೆ.

ಪಾಲಾರ್, ಗೋಪಿನಾಥಂ ದಾಟಿ ಬಸ್ಸು ನಮ್ಮನ್ನ ಹೊಗೇನಕಲ್ಲಿನಲ್ಲಿ ಇಳಿಸಿದಾಗ ಹತ್ತೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ದಡದಲ್ಲಿ ತೆಪ್ಪಗಳನ್ನ ಬೋರಲು ಹಾಕಿದ್ದರು, ಮೊರ ಒಣಗಿಸಿದ ಹಾಗೆ. ನಮ್ಮ ತೆಪ್ಪದವನು ಮುರುಗೇಶ. ಅವನದು ಅರ್ಧ ಕನ್ನಡ, ಅರ್ಧ ತಮಿಳು. ನನಗೂ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿದ.

"ಪಾಟಿ, ಮದ್ವೆ ಎಣ್ಣು ಕಂಡಂಗೆ ಕಾಣ್ತೀರಿ" ಅಂದ. ಪಾಟಿ ಅಂದರೆ ತಮಿಳಲ್ಲಿ ಅಜ್ಜಿ.

"ಗಂಡು ಎಲ್ಲವ್ನೆ ತೋರ್ಸಪ್ಪ" ಅಂದೆ.

ನೀರು ಧುಮುಕೋ ಅಬ್ಬಿ ಹತ್ತಿರ ಬಂದಾಗ ಪವಿತ್ರ ಚೀಲವನ್ನ ನನ್ನ ತೊಡೆ ಮೇಲಿಟ್ಟು, "ಬಿಡ್ಬೇಡ ಅಜ್ಜಿ" ಅಂದಳು. ಮುರುಗೇಶ ಮೋಜಿಗೆ ತೆಪ್ಪವನ್ನ ಗಿರ್ರನೆ ತಿರುಗಿಸಿಬಿಟ್ಟ. ನನಗೆ ಲೋಕವೇ ತಿರುಗಿತು. ಎರಡೂ ಕೈಯಲ್ಲಿ ತೆಪ್ಪದ ಅಂಚು ಹಿಡಿದುಕೊಂಡೆ. ಅದೇ ಹೊತ್ತಿಗೆ ಒಂದು ಅಲೆ ಒಳಕ್ಕೆ ನುಗ್ಗಿ, ಚೀಲ ಜಾರಿ ಹೊಳೆಗೆ ಬಿತ್ತು.

"ಅಯ್ಯೋ ಕೂಸೇ, ಓಯ್ತಲ್ಲೇ!" ಅಂತ ಕಿರುಚಿದೆ. ಪವಿತ್ರಳ ಮುಖ ಬಿಳುಚಿಕೊಂಡಿತು. ಆದರೂ "ತೇಲ್ತದೆ ಅಜ್ಜಿ, ತೇಲ್ತದೆ" ಅಂತಲೇ ಇದ್ದಳು. ಹೌದು, ತೇಲಿತು! ಹಳದಿ ಕುಂಬಳಕಾಯಿ ಹಾಗೆ ಕುಣಿದುಕೊಂಡು ಹೋಗುತ್ತಿತ್ತು. ಮುರುಗೇಶ ಹುಟ್ಟು ಚಾಚಿ ಎಳೆದುಕೊಂಡ. ಆಮೇಲೆ ಮೋಜು ಗೀಜು ಮಾಡಲಿಲ್ಲ.

ಬಂಡೆಗಳ ಸಂದಿಯಲ್ಲಿ ನೀರು ನಿಂತ ಹಾಗಿರೋ ಜಾಗಕ್ಕೆ ಬಂದು, ಅವನು ಉಸಿರಲ್ಲೇ "ಅಗೋ" ಅಂದ. ನಾಲ್ಕು ನೀರುನಾಯಿ. ಒಂದು ತಾಯಿ, ಮೂರು ಮರಿ. ಪವಿತ್ರ ಚೀಲ ಬಿಚ್ಚಿ ಕ್ಯಾಮರಾ ತೆಗೆದಳು. ಕಣ್ಣಿಗೆ ಹಿಡಿದವಳು ಹಾಗೇ ಇಳಿಸಿದಳು. ಗಾಜಿನ ಮೇಲೆಲ್ಲ ಹಬೆ. ಮುದ್ದೆ ಮಡಕೆಯ ಮುಚ್ಚಳ ತೆಗೆದಾಗ ಇರುತ್ತಲ್ಲ, ಹಾಗೆ.

"ಹೊರಗಿಂದ ಒಂದ್ ತೊಟ್ಟು ಓಗಿಲ್ಲ. ಒಳಗೆ ನೀರೆಲ್ಲಿಂದ ಬಂತು?" ಅಂತ ಚೀಲದೊಳಕ್ಕೆ ಕೈ ಹಾಕಿದಳು. ಬಾಡಿದ ಸೇವಂತಿಗೆ ಬಂತು.

"ನಾನೇ ಇಟ್ಟೆ ಕಣವ್ವ. ಮಾದಪ್ಪ ಕಾಯ್ಲಿ ಅಂತ."

ಬೈಯುತ್ತಾಳೆ ಅಂದುಕೊಂಡೆ. ಅವಳು ಹೂವನ್ನ ಕಣ್ಣಿಗೊತ್ತಿ ಮುಡಿಗಿಟ್ಟುಕೊಂಡಳು. "ಮೂರು ಮಡಿಕೆ ನೀನು ಸರ್ಯಾಗೇ ಹಾಕಿದ್ದೆ. ಅದ್ಕೇ ಒಳಗಿನ್ ನೀರು ಹೊರಕ್ಕೆ ಬರ್ಲಿಲ್ಲ" ಅಂದಳು. ಅಷ್ಟರಲ್ಲಿ ನೀರುನಾಯಿಗಳು ಮುಳುಗಿ ಮಾಯವಾಗಿದ್ದವು.

ಮುರುಗೇಶ ತೆಪ್ಪವನ್ನ ಬಂಡೆಗೆ ಒತ್ತಿ ನಿಲ್ಲಿಸಿದ. ಸೆರಗಲ್ಲಿ ಒರೆಸೋಕೆ ಹೋದೆ, ಗಾಜು ಗೀರುತ್ತೆ ಅಂತ ತಡೆದಳು. ಒಂದು ಒಣ ಕವರಿಗೆ ಕ್ಯಾಮರಾ ಇಟ್ಟು, ಹರಳು ತುಂಬಿದ ಪುಟ್ಟ ಪುಟ್ಟ ಪೊಟ್ಟಣ ಸುತ್ತಲೂ ಹಾಕಿ ನೆರಳಲ್ಲಿಟ್ಟಳು. ಆ ಹರಳು ತೇವ ಕುಡಿಯುತ್ತವಂತೆ.

"ನಮ್ ಬೂದಿ ಕೆಲ್ಸನೇ ಅಲ್ವೇನೇ ಇದು?" ಅಂದೆ. ಸೋರೆಬುರುಡೆಯಲ್ಲಿ ಬಿತ್ತನೆ ಬೀಜ ತುಂಬೋವಾಗ ತೇವ ಹೀರಿಕೊಳ್ಳಲಿ ಅಂತ ನಾವು ಬೂದಿ ಹಾಕುತ್ತಿದ್ದೆವು. ಹೊಳೆ ಊರೊಳಕ್ಕೆ ಬಂದ ವರ್ಷಗಳಲ್ಲೂ ಆ ಬೀಜ ಮೊಳೆತಿದ್ದವು.

"ಅದೇ ಅಜ್ಜಿ. ನೀನು ಹೇಳೋದೇ ಇದು" ಅಂದಳು ಪವಿತ್ರ.

ಮುರುಗೇಶನಿಗೆ ಅವಸರ, ದಡದಲ್ಲಿ ಬೇರೆ ಜನ ಕಾಯುತ್ತಿದ್ದರು. ನಾನು ಬುತ್ತಿ ಬಿಚ್ಚಿ ಪುಳಿಯೋಗರೆ, ಹುರುಳಿ ಚಟ್ನಿ ಎಲೆಗೆ ಹಾಕಿ ಅವನ ಮುಂದಿಟ್ಟೆ. ಎರಡನೇ ಸಲ ಹಾಕಿಸಿಕೊಂಡ ಮೇಲೆ ಅವನ ಅವಸರ ಕಡಿಮೆಯಾಯಿತು. ಮುಕ್ಕಾಲು ಗಂಟೆ ಕೂತೆವು. ಪವಿತ್ರ ಎರಡು ಸಲ ತೆಗೆದು ನೋಡಿ ತಲೆ ಅಲ್ಲಾಡಿಸಿದಳು. ಮೂರನೇ ಸಲ ನಕ್ಕಳು.

ಆಗಲೇ ತಾಯಿ ನೀರುನಾಯಿ ಎದುರು ಬಂಡೆಗೆ ಹತ್ತಿತು. ಬಾಯಲ್ಲಿ ಮೀನು, ಹಿಂದೆ ಮೂರು ಮರಿ. ಮೈ ಒದರಿತು ನೋಡಿ, ಹನಿಗಳು ರಾಗಿ ತೂರಿದ ಹಾಗೆ ಹಾರಿದವು. ಪವಿತ್ರ ತೆಪ್ಪದೊಳಗೆ ಮಂಡಿಯೂರಿ, ಉಸಿರು ಕಟ್ಟಿ, ಟಕ ಟಕ ಅಂತ ಹೊಡೆದಳು. ನಾನೂ ಉಸಿರು ಕಟ್ಟಿದ್ದೆ.

ಮಾರನೇ ದಿನ ಕೊಳ್ಳೇಗಾಲದಲ್ಲಿ ಇಳಿದು ಸೀದಾ ಸ್ಟುಡಿಯೋಗೆ ಹೋದೆವು. ಯಜಮಾನರು ಕ್ಯಾಮರಾವನ್ನ ತಿರುಗಿಸಿ ಮುರುಗಿಸಿ ನೋಡಿದರು. ಬ್ಯಾಟರಿ ಮುಚ್ಚಳ ತೆಗೆದು ಬೆರಳಾಡಿಸಿದರು. ಹೂವಿನ ವಿಷಯ ಹೇಳಿಬಿಡೋಣ ಅಂತ ಬಾಯಿ ತೆರೆದೆ, ಪವಿತ್ರ ತೊಡೆ ಚಿವುಟಿದಳು. ಆಮೇಲೆ ಅವರು ಕಂಪ್ಯೂಟರಲ್ಲಿ ಫೋಟೋ ದೊಡ್ಡದು ಮಾಡಿದರು. ಮೀನಿನ ಹುರುಪೆ ಸಮೇತ ಕಾಣುತ್ತಿತ್ತು. ಬಹಳ ಹೊತ್ತು ನೋಡಿದರು.

"ಬರೋ ವಾರ ಯಳಂದೂರಲ್ಲಿ ಒಂದು ಮದ್ವೆ ಅದೆ. ನೀನೇ ಓಗು ಪವಿತ್ರ" ಅಂದರು. "ಅಲ್ಲೀವರ್ಗೂ ಕ್ಯಾಮರಾ ನಿನ್ ತಾವೇ ಇರ್ಲಿ, ಕೈ ಪಳಗ್ಲಿ."

ಮುಳ್ಳೂರಿನ ಬಸ್ಸು ಹತ್ತಿದಾಗ ಸಂಜೆ ನಾಲ್ಕು. ನನ್ನ ತೊಡೆ ಮೇಲಿನ ಹಳದಿ ಚೀಲ ನೋಡಿ ಕಂಡಕ್ಟರು, "ಏನಜ್ಜಿ, ಕಡ್ಲೆಪುರಿನಾ?" ಅಂದ.

"ಕ್ಯಾಮರಾ ಕಣಪ್ಪ. ಇವಳ್ದು."

"ಸ್ಟುಡಿಯೋದು ಅಜ್ಜಿ" ಅಂತ ಪವಿತ್ರ ಮೆಲ್ಲಗೆ ತಿದ್ದಿದಳು.

"ಸ್ಟುಡಿಯೋದೇ ಇರ್ಲಿ. ಫೋಟೋ ಹೊಡ್ದ ಕೈ ಯಾರ್ದು?" ಅಂತ ಕೇಳಿದೆ. ಹಿಂದಿನ ಸೀಟಿನವರಿಗೂ ಕೇಳಿಸೋ ಹಾಗೆ ಕೇಳಿದೆ.