ಸೇತುವೆಯ ಕೆಳಗಿನ ಕಟ್ಟ

ಇಪ್ಪತ್ತೆರಡು ವರ್ಷ ನಾನು ಒಂದು ದಿನಪತ್ರಿಕೆಗೆ ಬಂಟ್ವಾಳದ ಹಳ್ಳಿಗಳ ಸುದ್ದಿ ಕಳಿಸಿದ್ದೇನೆ. ನಮ್ಮೂರ ತೋಡಿನ, ಅಂದರೆ ಗದ್ದೆಗಳ ನಡುವೆ ಹರಿಯುವ ಹಳ್ಳದ, ಬಗ್ಗೆ ಬರೆದಷ್ಟು ಬೇರೆ ಯಾವುದರ ಬಗ್ಗೆಯೂ ಬರೆದಿಲ್ಲ. ತೋಡಿಗೆ ಕೋಳಿ ಅಂಗಡಿಯ ಕಸ ಸುರಿದದ್ದು, ಸೇತುವೆಯ ಬುಡದಿಂದ ಮರಳು ತೆಗೆದದ್ದು, ಕಿಂಡಿ ಅಣೆಕಟ್ಟಿನ ಅರ್ಜಿ ಪಂಚಾಯತಿನ ಕಪಾಟಿನಲ್ಲಿ ಮಲಗಿದ್ದು. ಎಲ್ಲವೂ ಒಳಪುಟದ ಕೆಳಗಡೆ, ಶ್ರದ್ಧಾಂಜಲಿಗಳ ಪಕ್ಕದಲ್ಲಿ ಬಂದವು. ಓದಿದೆ ಎಂದು ನನ್ನ ಹತ್ತಿರ ಹೇಳಿದವರು ಇಬ್ಬರೇ. ಅವರಲ್ಲಿ ಒಬ್ಬರು ಪೇಪರ್ ಬಿಡಿಸಿದ್ದು ಶ್ರದ್ಧಾಂಜಲಿ ನೋಡಲಿಕ್ಕೆ.

ಹಾಗಿರುವಾಗ ನಮ್ಮ ಗದ್ದೆಯಾಚೆಯ ಮನೆಯ ಹೆಂಗಸು, ಬೀಡಿ ಕಟ್ಟಿ ಸಂಸಾರ ನಡೆಸುವವಳು, ಮೊಬೈಲಿನ ಮುಂದೆ ಕೂತು ತುಳುವಿನಲ್ಲಿ ಒಂದು ನಿಮಿಷ ಮಾತಾಡಿದಳು. ಎಲೆಯ ಗೆರಸೆ ತೊಡೆಯ ಮೇಲೆ, ಕೈ ಬೀಡಿ ಸುತ್ತುತ್ತಲೇ ಇತ್ತು. "ನಮ್ಮ ತೋಡು ನನ್ನ ಅತ್ತಿಗೆಯ ಹಾಗೆ. ಷಷ್ಠಿ ಜಾತ್ರೆ ಕಳೆಯುವುದೇ ತಡ, ತವರಿಗೆ ಓಡ್ತದೆ. ಮಳೆ ಬಂದ ಮೇಲೆಯೇ ವಾಪಸ್. ಯಾರಾದರೂ ಹಿಡಿದು ನಿಲ್ಲಿಸಿ ಮಾರಾಯ್ರೆ!" ಅಷ್ಟೇ. ದುಬೈಯಲ್ಲಿರುವ ನನ್ನ ಭಾವ ಆ ವಿಡಿಯೋವನ್ನು ನನಗೇ ಕಳಿಸಿ, "ನಿಮ್ಮ ಊರಿನವಳಲ್ವಾ, ಎಷ್ಟು ಚಂದ ಹೇಳ್ತಾಳೆ" ಎಂದು ಬರೆದ. ನನ್ನ ಸುದ್ದಿಯ ಒಂದು ಸಾಲನ್ನೂ ಓದಿದ ಆಸಾಮಿಯಲ್ಲ ಅವನು.

ನನಗೆ ಹೊಟ್ಟೆ ಉರಿಯಿತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಆ ವಾರವೇ ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವಳೂ ಸಿಕ್ಕಿದಳು. ಕಾಲೇಜು ಹುಡುಗಿಯರು ನಾಲ್ಕೈದು ಮಂದಿ ಓಡಿ ಬಂದು ಅವಳನ್ನು ಸುತ್ತಿಕೊಂಡರು. ಅವರಲ್ಲೊಬ್ಬಳು ಫೋನನ್ನು ನನ್ನ ಕೈಗೆ ಕೊಟ್ಟು, "ಅಂಕಲ್, ಒಂದು ಫೋಟೋ ತೆಗೀತೀರಾ?" ಎಂದಳು. ತೆಗೆದೆ. ತೆಗೆದ ಎರಡು ಮೂರರಲ್ಲಿ ಒಂದರಲ್ಲಿ ಬೀಡಿಯವಳ ತಲೆ ಅರ್ಧ ಕತ್ತರಿಸಿ ಹೋಯಿತು, ಬೇಕೆಂದೇ ಇರಬಹುದು.

ನನ್ನ ಯಾವ ವರದಿಗೂ ಮಿಸುಕದ ಪಂಚಾಯತ್ ಆ ವಿಡಿಯೋ ಬಂದ ಎಂಟು ದಿನದಲ್ಲಿ ಸಭೆ ಕರೆಯಿತು. ತೋಡುಗಳಿಗೆ ಕಟ್ಟ ಕಟ್ಟಿ ಫೋಟೋ ಕಳಿಸಿ ಎಂದು ಮೇಲಿನಿಂದ ಆದೇಶವೂ ಬಂದಿತ್ತು, ಅದಕ್ಕೆ ಇದು ಒದಗಿತು. ಹಿಂದೆಲ್ಲ ಮಳೆ ನಿಂತ ಮೇಲೆ ಮನೆಗೊಬ್ಬರಂತೆ ಸೇರಿ, ತೋಡಿಗೆ ಅಡ್ಡಲಾಗಿ ಮಣ್ಣು, ಸೊಪ್ಪು, ಕಲ್ಲು ತುಂಬಿ ಕಟ್ಟ ಹಾಕುತ್ತಿದ್ದರು. ನೀರು ನಿಂತರೆ ಮೇಲಿನ ಸಾಲಿನ ಬಾವಿಗಳಿಗೆ ಮೇ ತಿಂಗಳವರೆಗೆ ಚಿಂತೆಯಿಲ್ಲ. ಬೋರ್‌ವೆಲ್ ಬಂದ ಮೇಲೆ ಆ ಪದ್ಧತಿ ತಾನಾಗಿ ಬಿಟ್ಟುಹೋಯಿತು. ಬೋರ್‌ವೆಲ್ ಇಲ್ಲದೆ ಬಾವಿಯನ್ನೇ ನಂಬಿರುವುದು ಅವಳ ಮನೆ, ಅದರ ಸಾಲಿನ ಇನ್ನೈದು ಮನೆ. ನಮ್ಮಲ್ಲಿ ಬೋರ್‌ವೆಲ್ ಉಂಟು.

ಭಾನುವಾರ ಕಟ್ಟ ಹಾಕುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ಶುಕ್ರವಾರ ಸಂಜೆ ಅವಳು ನಮ್ಮ ಅಂಗಳಕ್ಕೆ ಬಂದಳು. "ಅಣ್ಣ, ಮೊದಲು ಕಟ್ಟ ಎಲ್ಲಿ ಹಾಕ್ತಿದ್ದರು? ಪಂಚಾಯತಿನವರು ಸೇತುವೆಯ ಹತ್ತಿರ ಅಂತ ಹೇಳ್ತಾರೆ, ಮೇಲಿನಿಂದ ಫೋಟೋ ಚಂದ ಬರ್ತದಂತೆ. ನನಗೆ ಗೊತ್ತಿಲ್ಲ. ನೀವು ಹೇಳಿದ ಕಡೆ ಕಟ್ಟುವ."

ನನಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಅಪ್ಪನ ಜೊತೆ ಸೊಪ್ಪು ಹೊತ್ತವನು ನಾನು. ಸೇತುವೆಯಿಂದ ಸ್ವಲ್ಪ ಕೆಳಗೆ, ತೋಡು ತಿರುಗುವಲ್ಲಿ, ಕರಿ ಬಂಡೆಯೊಂದು ಈ ದಂಡೆಯಿಂದ ಆ ದಂಡೆಯವರೆಗೆ ಮಲಗಿದೆ. ಅದರ ಮೇಲೆ ಕಟ್ಟ ಕೂತರೆ ನೀರಿಗೆ ಅಡಿಯಿಂದ ನುಸುಳಲು ದಾರಿಯಿಲ್ಲ. ಸೇತುವೆಯ ಬುಡದಲ್ಲಿ ಮರಳು ತೆಗೆದು ತೆಗೆದು ಬರೀ ಸಡಿಲ ಜಲ್ಲಿ ಉಳಿದಿದೆ. ಇದನ್ನು ಒಮ್ಮೆ ನಾನೇ ಬರೆದಿದ್ದೆ.

"ಎಲ್ಲಿ ಕಟ್ಟಿದರೂ ನೀರು ನಿಲ್ತದೆ ಮಾರಾಯ್ತಿ" ಎಂದೆ. "ಸೇತುವೆಯ ಹತ್ತಿರವೇ ಆಗಲಿ."

"ನೀವು ಹೇಳಿದ ಮೇಲೆ ಮುಗಿಯಿತು" ಎಂದು ಅವಳು ನಗುತ್ತಾ ಹೋದಳು.

ಭಾನುವಾರ ಬೆಳುವಾಯಿಯಿಂದ, ಬೆಳ್ತಂಗಡಿಯಿಂದೆಲ್ಲ ವಿಡಿಯೋ ನೋಡಿದವರ ಬೈಕುಗಳು ಬಂದವು. ಗೊಬ್ಬರದ ಖಾಲಿ ಚೀಲಗಳಿಗೆ ಮಣ್ಣು ತುಂಬಿ, ಸಾಲು ನಿಂತು ಕೈಯಿಂದ ಕೈಗೆ ದಾಟಿಸಿದರು. ನಡುವೆ ಬೆಲ್ಲದ ಅವಲಕ್ಕಿ, ಚಹಾ. ಅವಳು ಮೊಣಕಾಲಿನವರೆಗೆ ಸೀರೆ ಕಟ್ಟಿ ನೀರಿನಲ್ಲಿ ನಿಂತಿದ್ದಳು, ಎಲ್ಲ ಕ್ಯಾಮರಾಗಳೂ ಅವಳ ಮೇಲೆ. ನಾನು ವರದಿ ಕಳಿಸಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಸುದ್ದಿ ಮುಖಪುಟಕ್ಕೆ ಬಂತು. ಫೋಟೋ ಅವಳದು.

ಎರಡು ವಾರದಲ್ಲಿ ನೀರು ಜಲ್ಲಿಯ ಅಡಿಯಿಂದ ಜಾರಿ ಹೋಯಿತು. ಚೀಲಗಳು ಮಾತ್ರ ಸಾಲಾಗಿ ಕೂತಿದ್ದವು. ಒಬ್ಬನೇ ಸೇತುವೆಯ ಮೇಲೆ ನಿಂತು ನೋಡಿದೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆ ಖುಷಿ ಮಾರ್ಚಿನವರೆಗೆ ಬಾಳಿತು. ಒಂದು ಬೆಳಿಗ್ಗೆ ಅವಳ ಬಾವಿಯಲ್ಲಿ ಕೊಡಪಾನ ತಳದ ಕಲ್ಲಿಗೆ ಬಡಿಯುವ ಸದ್ದು ನಮ್ಮ ಜಗಲಿಗೇ ಕೇಳಿಸಿತು. ನನ್ನ ಹೆಂಡತಿ ಗದ್ದೆಯಂಚಿಗೆ ಹೋಗಿ, "ನಮ್ಮ ನಳ್ಳಿಯಿಂದ ನೀರು ತಕೊಂಡು ಹೋಗಿ" ಎಂದು ಕರೆದಳು. ಆರು ಮನೆಯವರೂ ಬರತೊಡಗಿದರು. ಬೀಡಿ ಕಟ್ಟುವ ಹೊತ್ತನ್ನು ಅವಳು ನೀರು ಹೊರುವುದರಲ್ಲಿ ಕಳೆಯುತ್ತಿದ್ದಳು.

ಅದಾದ ಮೇಲೆ ಅವಳ ಇನ್ನೊಂದು ವಿಡಿಯೋ ಬಂತು. ಈ ಸಲ ತಮಾಷೆ ಇರಲಿಲ್ಲ. "ಕಟ್ಟದಲ್ಲಿ ನೀರು ನಿಲ್ಲಲಿಲ್ಲ. ಜಾಗ ಒಪ್ಪಿದ್ದು ನಾನು. ದೂರದಿಂದ ಬಂದು ಮಣ್ಣು ಹೊತ್ತವರು ನನ್ನನ್ನು ಕ್ಷಮಿಸಬೇಕು. ಬರುವ ವರ್ಷ ಸರಿಯಾಗಿ ಕೇಳಿ ಕಟ್ಟುವ." ಯಾರನ್ನು ಕೇಳಿದ್ದೆ ಎಂದು ಹೇಳಲೇ ಇಲ್ಲ. ಜನ ಅದನ್ನು ಮೊದಲಿನದಕ್ಕಿಂತ ಹೆಚ್ಚು ಹಂಚಿದರು. ಎಂಥ ದೊಡ್ಡ ಮನಸ್ಸು ಎಂದು ಭಾವ ಮತ್ತೆ ನನಗೇ ಕಳಿಸಿದ. ನನಗೆ ಆಗಲೂ ಹೊಟ್ಟೆಕಿಚ್ಚೇ ಆಯಿತು. ತಪ್ಪು ನನ್ನದು, ಅದನ್ನೂ ಅವಳೇ ಹೊತ್ತು ಹೆಸರು ತೆಗೆದುಕೊಂಡಳಲ್ಲ ಎಂದು.

ಮರುದಿನ ನಳ್ಳಿಯ ಕೆಳಗೆ ಕೊಡಪಾನ ಇಟ್ಟು ಕೇಳಿದಳು. "ಅಣ್ಣ, ವಿಡಿಯೋ ನೋಡಿದಿರಾ?"

"ನೋಡಿದೆ."

ಅವಳು ಕೊಡಪಾನ ತುಂಬುವವರೆಗೂ ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಮ್ಮ ನಳ್ಳಿಯ ನೀರು ಸಣ್ಣ, ತುಂಬಲು ಬಹಳ ಹೊತ್ತು ಬೇಕು.

"ಚಂದ ಮಾತಾಡಿದ್ದಿ" ಎಂದೆ.

ಅವಳು ಕೊಡಪಾನ ಸೊಂಟಕ್ಕೆ ಏರಿಸಿ ಗದ್ದೆಯ ಹುಣಿಯ ಕಾಲುದಾರಿ ಹಿಡಿದು ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಊರಿಡೀ ಓದುವಂಥ ಸುದ್ದಿ ನನ್ನ ಕೈಗೆ ಸಿಕ್ಕಿದ್ದು ಅದೊಂದೇ, ಅವಳಿಗೆ ತಪ್ಪು ಜಾಗ ಹೇಳಿದವನು ಯಾರು ಎಂಬುದು. ಅದನ್ನು ನಾನು ಪತ್ರಿಕೆಗೆ ಕಳಿಸಲಿಲ್ಲ.