ಬೀಗ ಹಾಕಿದ ಮನೆಗೆ ಮೂರು ಸಲ

ಅವರ ಎಡಭುಜ ಬಲಭುಜಕ್ಕಿಂತ ಒಂದು ಬೆರಳಿನಷ್ಟು ಕೆಳಗಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಲಸಿಕೆಯ ಪೆಟ್ಟಿಗೆಯನ್ನು ಅದೇ ಭುಜಕ್ಕೆ ಹಾಕಿಕೊಂಡು ನಡೆದದ್ದರ ಗುರುತು ಅದು. ಪೆಟ್ಟಿಗೆಯೊಳಗೆ ಬರ್ಫ, ಬರ್ಫದ ನಡುವೆ ಪುಟ್ಟ ಪುಟ್ಟ ಸೀಸೆಗಳು. ಬರ್ಫ ಕರಗುವುದರೊಳಗೆ ಊರು ಮುಟ್ಟಬೇಕು. ಖಾನಾಪುರದ ದರ್ಜಿ ಅವರ ರವಿಕೆಗೆ ಅಳತೆ ತೆಗೆದುಕೊಳ್ಳುವಾಗ ಎರಡು ಭುಜಕ್ಕೂ ಬೇರೆ ಬೇರೆ ಲೆಕ್ಕ ಬರೆದುಕೊಳ್ಳುತ್ತಿದ್ದನಂತೆ. ಇದನ್ನು ಅವರೇ ನಗುತ್ತ ಹೇಳಿದ್ದರು. ಸೆರಗು ಪದೇ ಪದೇ ಜಾರುತ್ತದೆ ಎನ್ನುವುದೊಂದು ಬಿಟ್ಟರೆ ಆ ಭುಜದ ಬಗ್ಗೆ ಅವರಿಗೆ ಬೇರೆ ತಕರಾರಿರಲಿಲ್ಲ.

ಊರಿನವರಿಗೆ ಅವರು ನರ್ಸಬಾಯಿ. ನನಗೆ ಅಕ್ಕಾರು. ಪಾರಿಶ್ವಾಡದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಒಂದು ಸಣ್ಣ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಅವರ ವಾಸ, ಅಲ್ಲೇ ಕೆಲಸ. ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಮಂಚ. ಹಿಂದಿನ ಕೋಣೆಯಲ್ಲಿ ಅವರ ಒಲೆ, ಒಂದು ಟ್ರಂಕು. ಮದುವೆಯಾಗಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿ, ಅವರ ನೋಟಕ್ಕೆ ಹೆದರಿ ಇನ್ನೊಮ್ಮೆ ಕೇಳಲಿಲ್ಲ.

ನಾನು ಅಲ್ಲಿಗೆ ಹೋದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಅಪ್ಪ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕ ಹೊಯ್ಯುತ್ತಿದ್ದ. ನಾನು ಬಿ.ಎ. ಮುಗಿಸಿ, ನಮ್ಮ ಓಣಿಗೆಲ್ಲ ನಾನೇ ಶಾಣ್ಯಾಕಿ ಎಂಬ ಜಂಬದಲ್ಲಿ ಕೆಲಸ ಹುಡುಕುತ್ತಿದ್ದೆ. ಆಗ ಬೆಳಗಾವಿಯ ವೈದ್ಯರೊಬ್ಬರು ಒಂದು ಅಧ್ಯಯನ ಕೈಗೊಂಡಿದ್ದರು. ಒಂದೇ ತಾಲೂಕು, ಒಂದೇ ನೀರು, ಒಂದೇ ಸರಕಾರಿ ದವಾಖಾನೆ. ಆದರೂ ಒಂದು ಓಣಿಯ ಮಕ್ಕಳು ದುಂಡಗೆ ಬೆಳೆಯುತ್ತಾರೆ, ಬಾಜೂ ಓಣಿಯ ಮಕ್ಕಳು ಹೊಸ್ತಿಲು ದಾಟುವ ಮೊದಲೇ ಸಾಯುತ್ತಾರೆ, ಯಾಕೆ? ಇದು ಅವರ ಪ್ರಶ್ನೆ. ಅದಕ್ಕಾಗಿ ಹಳ್ಳಿ ಹಳ್ಳಿ ತಿರುಗಿ ಎರಡು ವರ್ಷದೊಳಗಿನ ಮಕ್ಕಳ ತೂಕ ಬರೆದುಕೊಂಡು ಬರಲು ನಮ್ಮಂಥ ಕೆಲವರನ್ನು ತೆಗೆದುಕೊಂಡಿದ್ದರು. ಪ್ರತಿ ಐದನೆಯ ಮನೆಗೆ ಹೋಗಬೇಕು. ಆ ಮನೆಗೆ ಬೀಗ ಇದ್ದರೆ 'ಬೀಗ' ಎಂದು ಬರೆದು ಪಕ್ಕದ ಮನೆ ಹಿಡಿಯಬೇಕು. ಇಷ್ಟೇ ನಿಯಮ.

ತೂಕದ ಕೆಲಸಕ್ಕೆ ಊರಿನ ನರ್ಸಿನ ಸಹಾಯ ಬೇಕೇ ಬೇಕಾಗಿತ್ತು. ಕೂಸನ್ನು ತಕ್ಕಡಿಗೆ ಹಾಕಿದರೆ ದೃಷ್ಟಿಯಾಗುತ್ತದೆ, ಕೂಸು ಸೊರಗುತ್ತದೆ ಎಂದು ತಾಯಂದಿರು ಹಿಂದೇಟು ಹಾಕುತ್ತಿದ್ದರು. ನಾನಾಗಿದ್ದರೆ ಮೂಢನಂಬಿಕೆಯ ಬಗ್ಗೆ ಭಾಷಣ ಮಾಡಿ ಬರಿಗೈಲಿ ಮರಳುತ್ತಿದ್ದೆ. ಅಕ್ಕಾರು ವಾದಕ್ಕೆ ಇಳಿಯುತ್ತಿರಲಿಲ್ಲ. ತೊಲೆಗೆ ತಕ್ಕಡಿ ತೂಗುಹಾಕಿ, ಅದರ ಬಟ್ಟೆಯ ಜೋಳಿಗೆಯಲ್ಲಿ ಮೊದಲು ಒಂದು ಹಿಡಿ ಜೋಳ ಹಾಕಿ ತೂಗುತ್ತಿದ್ದರು. ದೃಷ್ಟಿ ತಾಗುವುದಿದ್ದರೆ ಜೋಳಕ್ಕೆ ತಾಗಲಿ ಎಂದು. ಆಮೇಲೆ ಜೋಳ ತೆಗೆದು ಕೂಸನ್ನು ಮಲಗಿಸಿದರೆ ಅಜ್ಜಿಯರೂ ಸುಮ್ಮನಿರುತ್ತಿದ್ದರು. ಆ ಜೋಳವನ್ನು ಅವರು ಯಾರ ಮನೆಯಲ್ಲೂ ಕೇಳಿದವರಲ್ಲ. ಕರವಸ್ತ್ರದಲ್ಲಿ ಗಂಟು ಕಟ್ಟಿ ತಾವೇ ತರುತ್ತಿದ್ದರು. ಕೇಳಿದ ಮನೆಯಲ್ಲಿ ಒಂದು ಹಿಡಿಯೂ ಇಲ್ಲದೆ ಹೋದರೆ ಆ ತಾಯಿಯ ಮುಖ ನೋಡುವುದು ಹೇಗೆ ಎನ್ನುತ್ತಿದ್ದರು.

ಕನ್ನಡದ ಮನೆಯಲ್ಲಿ ಕನ್ನಡ, ಮರಾಠಿಯ ಮನೆಯಲ್ಲಿ ಮರಾಠಿ. ಬೈಗುಳ ಮಾತ್ರ ಎರಡೂ ಮನೆಗೆ ಒಂದೇ. ತಕ್ಕಡಿಯ ಮುಳ್ಳು ನಿಂತ ಕೂಡಲೇ ಗಟ್ಟಿಯಾಗಿ ತೂಕ ಹೇಳಿ, ನನ್ನ ಕಡೆ ತಿರುಗಿ, "ಬರಕೊಂಡಿ?" ಎನ್ನುವರು. ಬರೆದುಕೊಂಡದ್ದನ್ನು ಕಣ್ಣಾರೆ ನೋಡಿದ ಮೇಲೇ ಕೂಸನ್ನು ಕೆಳಗಿಳಿಸುವರು. ಇನ್ನೊಂದು ಅಭ್ಯಾಸ ಅವರದು. ಜೈನರ ಮನೆತನ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಐದೂವರೆಗೆ ಎಲ್ಲಿದ್ದರೂ ಸರಿ, ಯಾರದಾದರೂ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚುವರು. ಆ ಹೊತ್ತಿಗೆ ಅವರನ್ನು ಮಾತಾಡಿಸಲು ದೇವರಿಗೂ ಧೈರ್ಯವಿರಲಿಲ್ಲ.

ಒಂದು ವಾರ ಹೀಗೆ ಜೊತೆಗೆ ತಿರುಗಿದೆವು. ಆಮೇಲೆ ಅವರಿಗೆ ಬೇರೆ ಊರಿನ ಲಸಿಕೆ ಕೆಲಸ ಬಂತು. ತಕ್ಕಡಿ ನನ್ನ ಕೈಗೆ ಕೊಟ್ಟು ಉಳಿದದ್ದನ್ನು ಮುಗಿಸು ಎಂದರು. ಮುಗಿಸಿದೆ, ಅಬ್ಬಾ, ಎಂಥ ಚುರುಕಿನಿಂದ! ಬೆಳಗಾವಿಯಿಂದ ಹೊರಟ ನಾನು ಊರು ಮುಟ್ಟುವಾಗ ಹನ್ನೊಂದು ಗಂಟೆ, ವಾಪಸ್ಸು ಬಸ್ಸು ಎರಡೂವರೆಗೆ. ಆ ಮೂರು ತಾಸಿನೊಳಗೆ ನನ್ನಷ್ಟು ಫಾರ್ಮು ತುಂಬಿದವರು ನಮ್ಮ ತಂಡದಲ್ಲಿ ಯಾರೂ ಇರಲಿಲ್ಲ. ಅಕ್ಷರವೂ ಮುತ್ತು. ಹೊಗಳಿಸಿಕೊಳ್ಳಬೇಕೆಂದೇ ಒಂದು ದಿನ ಇಡೀ ಕಟ್ಟನ್ನು ಉಪಕೇಂದ್ರಕ್ಕೆ ಒಯ್ದು ಅವರ ಮೇಜಿನ ಮೇಲೆ ಇಟ್ಟೆ.

ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು. ಆ ಊರಿನ ಪ್ರತಿ ಕೂಸಿನ ಹುಟ್ಟಿದ ವಾರ ಅವರಿಗೆ ಬಾಯಿಪಾಠ. ಅರ್ಧ ಕಟ್ಟು ಮುಗಿಯುವುದರೊಳಗೆ ಅವರ ಕೈ ನಿಂತಿತು. ಕುರಿಗಾರರ ಓಣಿಯ ಒಂದು ಕೂಸೂ ಇದರಲ್ಲಿ ಯಾಕಿಲ್ಲ ಎಂದು ಕೇಳಿದರು. ಎಲ್ಲ ಮನೆಗೂ ಬೀಗ ಇತ್ತು, ನಿಯಮದ ಪ್ರಕಾರ ಮುಂದಿನ ಓಣಿಗೆ ಹೋದೆ ಎಂದೆ. ಬೀಗವೆಂದರೆ ಕೆಲವಕ್ಕೆ ಬೀಗ, ಕೆಲವಕ್ಕೆ ಚಿಲಕಕ್ಕೆ ಸುತ್ತಿದ ತಂತಿ.

"ಎಷ್ಟ ಹೊತ್ತಿಗೆ ಹೋಗಿದ್ದಿ?"

"ಹನ್ನೊಂದು, ಹನ್ನೆರಡಕ್ಕರೀ."

"ಆ ಹೊತ್ತಿನ್ಯಾಗ ಆ ಓಣ್ಯಾಗ ನಾಯಿ ಇರತಾವ, ಕೋಳಿ ಇರತಾವ. ಅವನ್ನರ ತೂಕಾ ಮಾಡಿಕೊಂಡು ಬರಬೇಕಿಲ್ಲೋ?"

ನಾನು ನಕ್ಕೆ. ಅವರು ನಗಲಿಲ್ಲ. ಆ ಓಣಿಯ ಗಂಡಸರು ಕುರಿಯ ಹಿಂದೆ, ಹೆಂಗಸರು ಭತ್ತದ ಗದ್ದೆಯ ಕಳೆಗೆ. ಕೂಸುಗಳು ಗದ್ದೆಯ ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ. ಹನ್ನೊಂದಕ್ಕೆ ಬಾಗಿಲು ತೆರೆದು ನನ್ನಂಥವಳಿಗೆ ಚಹಾ ಕೊಡುವವರು ಯಾರು? ಮನೆಯಲ್ಲಿ ಅತ್ತೆ, ಸೊಸೆ, ಹಾಲು, ತುಪ್ಪ ಇದ್ದವರು. ಅಂಥವರ ಮಕ್ಕಳನ್ನೇ ಆರಿಸಿ ಆರಿಸಿ ತೂಗಿ, ಊರಿನ ತೂಕ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ತಂದಿದ್ದೆ.

ಅವರಿಗೆ ಸಿಟ್ಟು ಬಂದದ್ದು ಬರೀ ಹಾಳೆಯ ತಪ್ಪಿಗಲ್ಲ. ಆ ಭಾಗಕ್ಕೆ ವಾರಕ್ಕೊಮ್ಮೆ, ಗುರುವಾರ, ವೈದ್ಯರನ್ನು ಕರೆದುಕೊಂಡು ಒಂದು ದವಾಖಾನೆ ಗಾಡಿ ಬರುತ್ತಿತ್ತು. ನಮ್ಮ ಅಧ್ಯಯನದ ಫಲಿತಾಂಶ ನೋಡಿ ಆ ಗಾಡಿಯನ್ನು ಎಲ್ಲಿ ಹೆಚ್ಚು ಅಗತ್ಯವೋ ಅಲ್ಲಿಗೆ ಕಳಿಸುವ ಮಾತು ನಡೆದಿತ್ತು. ನನ್ನ ಫಾರ್ಮಿನ ಪ್ರಕಾರ ಈ ಊರಿನ ಮಕ್ಕಳು ಗುಂಡುಗುಂಡಾಗಿದ್ದರು, ಗಾಡಿ ಇಲ್ಲೇಕೆ? ಕುರಿಗಾರರ ಓಣಿಯ ಕೊನೆಯ ಮನೆಯಲ್ಲಿ ಏಳು ತಿಂಗಳ ಒಂದು ಹೆಣ್ಣುಕೂಸಿತ್ತು. ಅದರ ಅಣ್ಣ ಹಿಂದಿನ ವರ್ಷ ವಾಂತಿ ಭೇದಿಯಲ್ಲಿ ಹೋಗಿದ್ದ. ಆ ಕೂಸು ಗಾಡಿಯ ವೈದ್ಯರ ಔಷಧದ ಮೇಲೆ ಹೇಗೋ ಚೇತರಿಸಿಕೊಳ್ಳುತ್ತಿತ್ತು. ಗಾಡಿ ನಿಂತರೆ ಖಾನಾಪುರದ ತನಕ ಎತ್ತಿಕೊಂಡು ಹೋಗಬೇಕು. ಒಂದು ದಿನದ ಕೂಲಿ ಬಿಟ್ಟು ಆ ತಾಯಿ ಎಷ್ಟು ಸಲ ಹೋದಾಳು?

ನಾನು ಅತ್ತೆ. ಅಳುವುದು ಮುಗಿಯುವವರೆಗೆ ಕಾದು, ನಾಳೆ ಸಂಜೆ ಇಲ್ಲೇ ಉಳಿಯುವ ಹಾಗೆ ಮನೆಯಲ್ಲಿ ಹೇಳಿ ಬಾ ಎಂದರು. ಅಷ್ಟೇ.

ಮರುದಿನ ಹನ್ನೊಂದಕ್ಕೆ ಒಮ್ಮೆ ಆ ಓಣಿಗೆ ಹೋದೆವು, ಬೀಗ. ನಾಲ್ಕಕ್ಕೆ ಇನ್ನೊಮ್ಮೆ, ಬೀಗ. ಹೆಚ್ಚಿನ ಹೆಂಗಸರು ಗದ್ದೆಯಿಂದ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಐದೂವರೆಗೆ ಅಕ್ಕಾರು ಊಟಕ್ಕೆ ಕುಳಿತಿರಬೇಕಾಗಿತ್ತು. ಆದರೆ ಅಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಒಂದು ಬಾಗಿಲು ತೆರೆಯಿತು, ಆಮೇಲೆ ಇನ್ನೊಂದು. ಅವರು ಬುತ್ತಿಯ ಗಂಟನ್ನು ಹಾಗೇ ಚೀಲಕ್ಕೆ ಹಾಕಿ ತಕ್ಕಡಿ ಎತ್ತಿಕೊಂಡರು. ಹೊತ್ತು ಮುಳುಗಿತು. ನಾನು ಸುಮ್ಮನಿರಲಾರದೆ ಊಟದ ಮಾತು ತೆಗೆದೆ. ನಾಳೆ ಬೆಳಿಗ್ಗೆ ಸೂರ್ಯ ಹುಟ್ಟುತ್ತಾನಲ್ಲ ಎಂದರು. ಆ ವಾರ ಐದು ದಿನ ಅವರು ಹಾಗೆಯೇ ಉಪವಾಸ ಮಲಗಿದರು. ನಾನು ಅವರ ಮುಂದೆಯೇ ರೊಟ್ಟಿ ತಿಂದೆ, ನಾಚಿಕೆಯಾಗುತ್ತಿತ್ತು, ಆದರೂ ತಿಂದೆ. ಹಸಿವೆಯಾಗಿತ್ತು.

ಕೊನೆಯ ಮನೆಯ ಹೆಣ್ಣುಕೂಸನ್ನು ತೂಗಿದ್ದು ಲಾಟೀನಿನ ಬೆಳಕಿನಲ್ಲಿ. ಮೊದಲು ಕರವಸ್ತ್ರದ ಜೋಳ, ಆಮೇಲೆ ಕೂಸು. ಆ ವಯಸ್ಸಿಗೆ ಮುಳ್ಳು ಎಲ್ಲಿಯವರೆಗೆ ಹೋಗಬೇಕೋ ಅದರ ಅರ್ಧ ದಾಟಿ ನಿಂತುಬಿಟ್ಟಿತು. ಆವತ್ತು ಅಕ್ಕಾರು ತೂಕವನ್ನು ಗಟ್ಟಿಯಾಗಿ ಹೇಳಲಿಲ್ಲ. ನನ್ನ ಕಿವಿಯಲ್ಲಿ ಹೇಳಿ, "ಬರಕೊಂಡಿ?" ಎಂದರು. ತಾಯಿ ಕೂಸನ್ನು ಎತ್ತಿಕೊಳ್ಳುತ್ತ ನನ್ನ ಕಡೆ ನೋಡಿ ಹೇಳಿದ ಮಾತು ಇವತ್ತಿಗೂ ನೆನಪಿದೆ. "ನಾವು ಮನ್ಯಾಗ ಇರೂ ಹೊತ್ತ ಓಟು ಕೇಳಾಕ ಬರಾವರಿಗೆ ಅಷ್ಟ ಗೊತ್ತಿತ್ರಿ, ಬಾಯಾರ. ಈಗ ನಿಮಗೂ ಗೊತ್ತಾತು."

ಆ ಹೊಸ ಕಟ್ಟನ್ನು ಹಿಡಿದು ಅಕ್ಕಾರು ನನ್ನ ಜೊತೆ ಬೆಳಗಾವಿಗೆ ಬಂದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಸೀರೆ, ಎಡಭುಜಕ್ಕೆ ಸೆರಗು ಜಾರದಂತೆ ಎರಡು ಪಿನ್ನು. ಅಧ್ಯಯನ ನಡೆಸುತ್ತಿದ್ದ ಡಾಕ್ಟರ ಸರ್ ಅವರ ಕೋಣೆಯಲ್ಲಿ ನಾಲ್ಕು ಜನ ದೊಡ್ಡವರು ಕುಳಿತಿದ್ದರು. ಕುರ್ಚಿ ತೋರಿಸಿದರೂ ಇವರು ನಿಂತೇ ಮಾತಾಡಿದರು. ಸರ್ ಕೆಟ್ಟವರಲ್ಲ. ನಿಯಮ ಎಲ್ಲ ಹಳ್ಳಿಗೂ ಒಂದೇ, ಒಂದು ಊರಿಗಾಗಿ ಬದಲಿಸಿದರೆ ಲೆಕ್ಕ ಕೆಡುತ್ತದೆ ಎಂದು ಸಮಾಧಾನವಾಗಿಯೇ ತಿಳಿಸಿದರು.

ಅಕ್ಕಾರು ಎರಡು ಕಟ್ಟುಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು.

"ಸರ್, ದುಡಿಯಾಕ ಹೋದವರ ಮನಿಗೆ ಬೀಗ ಇರತೈತ್ರಿ. ಬೀಗ ಇದ್ದ ಮನಿ ಬಿಟ್ಟ ನಡದ್ರ, ನೀವು ಯಾರನ್ನ ಹುಡುಕಾಕ ಹೊಂಟೀರಿ, ಅವರನ್ನ ಬಿಟ್ಟ ನಡದಂಗ ಆತ್ರಿ. ಎಲ್ಲಾ ಹಳ್ಳ್ಯಾಗೂ ತಪ್ಪಿದ್ರ ಎಲ್ಲಾ ಹಳ್ಳ್ಯಾಗೂ ತಿದ್ದೂಣ್ರಿ."

ಸರ್ ಎರಡೂ ಕಟ್ಟು ತಿರುವಿ ನೋಡಿದರು, ಬಹಳ ಹೊತ್ತು ನೋಡಿದರು. ಈ ಎರಡನೆಯ ಕಟ್ಟು ಯಾರ ಕೆಲಸ ಎಂದು ಕೇಳಿದರು. ಮೊದಲ ಕಟ್ಟಿನ ಮೇಲೂ ನನ್ನದೇ ಸಹಿ. ನಿಯಮವಂತೂ ಇತ್ತು, ನಿಜ. ಆದರೆ ಎರಡೂವರೆಯ ಬಸ್ಸಿಗಾಗಿ ಹನ್ನೊಂದರ ಹೊತ್ತು ಆರಿಸಿದವಳು ನಾನು, ಅದನ್ನು ಯಾವ ನಿಯಮವೂ ಹೇಳಿರಲಿಲ್ಲ. ಅಕ್ಕಾರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ನನ್ನ ಕಡೆ ಕೈ ತೋರಿಸಿ, ಈ ಹುಡುಗಿ ಮೊದಲಿನ ಕೆಲಸ ಸರಿ ಇಲ್ಲ ಎಂದು ಗೊತ್ತಾದ ಮೇಲೆ ಮತ್ತೆ ಹೋಗಿ ತಂದಿದ್ದಾಳೆ ಎಂದರು. ಅದರಲ್ಲಿ ಸುಳ್ಳು ಒಂದು ಅಕ್ಷರವೂ ಇರಲಿಲ್ಲ. ಐದು ದಿನದ ಉಪವಾಸದ ಮಾತು ಮಾತ್ರ ಇರಲಿಲ್ಲ.

ಸರ್ ಪೆನ್ನು ತೆಗೆದು ನಿಯಮದ ಹಾಳೆಯಲ್ಲಿ ಒಂದು ಸಾಲು ಹೊಡೆದುಹಾಕಿದರು. ಬೀಗವಿದ್ದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು, ಒಂದು ಸಲವಾದರೂ ದೀಪ ಹಚ್ಚುವ ಹೊತ್ತಿಗೆ ಎಂದು ಬರೆದರು. ಇಡೀ ತಾಲೂಕನ್ನು ಮತ್ತೆ ಸುತ್ತಿದೆವು. ತಂಡದ ಗೆಳತಿಯರು ನನ್ನನ್ನು ಬೈದದ್ದಕ್ಕೆ ಮಿತಿಯಿಲ್ಲ. ಗಾಡಿ ಅಲ್ಲೇ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಬೆಳಿಗ್ಗೆ ಬರುತ್ತಿದ್ದ ಗಾಡಿ ಸಂಜೆ ಬರತೊಡಗಿತು. ಕೆಲವು ವರ್ಷದ ಮೇಲೆ ಒಮ್ಮೆ ಆ ಊರಿಗೆ ಹೋದಾಗ, ಕೊನೆಯ ಮನೆಯ ಹುಡುಗಿ ಸಾಲಿಯ ಪಾಟಿಚೀಲ ಹಾಕಿಕೊಂಡು ಬಂದು ನನ್ನನ್ನು ಅನುಮಾನದಿಂದ ನೋಡಿತು. ಅಕ್ಕಾರು ಅದರ ಕೆನ್ನೆ ಹಿಂಡಿ, ಈಗ ಇದನ್ನು ತಕ್ಕಡಿಗೆ ಹಾಕಿದರೆ ತೊಲೆ ಮುರಿದೀತು ಎಂದರು. ಹುಡುಗಿಯದೇನೂ ಅಂಥ ಮೈಯಲ್ಲ, ಅವರ ಖುಷಿಗೆ ಹಾಗಂದದ್ದು.

ನಾನು ಆ ಕೆಲಸದಲ್ಲೇ ಉಳಿದೆ. ಇವತ್ತು ನನ್ನ ಕೈಕೆಳಗೆ ಕಲಿತವರು ಎಲ್ಲೆಲ್ಲೋ ಹಳ್ಳಿ ತಿರುಗುತ್ತಿದ್ದಾರೆ. ಹೊಸಬರು ಬಂದ ಮೊದಲ ದಿನ ನಾನು ಕಲಿಸುವುದು ಬೀಗದ ಪಾಠ. ಇದು ಯಾವ ಪುಸ್ತಕದ್ದು ಎಂದು ಯಾರಾದರೂ ಕೇಳಿದರೆ, ಪುಸ್ತಕದ್ದಲ್ಲ, ಒಂದು ಭುಜ ಇಳಿದ ನರ್ಸಬಾಯಿಯದು ಎಂದು ಎದೆಯುಬ್ಬಿಸಿ ಹೇಳುತ್ತೇನೆ. ಹೆಮ್ಮೆ ಪಡಲು ನನಗೆ ಬೇರೆ ಆಸ್ತಿ ಬೇಕಾಗಿಲ್ಲ.

ನಿವೃತ್ತಿಯ ಮೇಲೆ ಅವರು ರಾಮತೀರ್ಥ ನಗರದಲ್ಲಿ ತಂಗಿಯ ಮನೆಗೆ ಬಂದರು. ಒಮ್ಮೆ ನೋಡಿಬರೋಣವೆಂದು ಮಧ್ಯಾಹ್ನ ಹೋದೆ. ಬಾಗಿಲಿಗೆ ಬೀಗ. ಸಂಜೆ ಹೋದೆ, ಬೀಗ. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಹೋದಾಗ ತಂಗಿ ಬಾಗಿಲಲ್ಲೇ ಸಿಕ್ಕರು, ಕೈಯಲ್ಲಿ ಗಂಜಿಯ ಡಬ್ಬಿ. ಅಕ್ಕ ನಾಲ್ಕು ದಿನದಿಂದ ದವಾಖಾನೆಯಲ್ಲಿದ್ದಾರೆ, ತಾನು ರಾತ್ರಿಯೂ ಅಲ್ಲೇ ಇದ್ದು ಈಗ ಗಂಜಿ ಕಾಯಿಸಲು ಬಂದೆ ಎಂದರು. ಅವರ ಜೊತೆಗೇ ಹೊರಟೆ.

ಕಣ್ಣು ಮುಚ್ಚಿ ಮಲಗಿದ್ದರು. ಹೊದಿಕೆಯ ಕೆಳಗೂ ಆ ಎಡಭುಜ ಇಳಿದೇ ಇತ್ತು. ಕೈ ಹಿಡಿದೆ, ಗುರುತು ಹಿಡಿದರು. ಮನೆಗೆ ಹೋಗಿದ್ದೆ, ಬೀಗ ಇತ್ತು ಎಂದೆ.

"ಎಷ್ಟ ಸಲ ಹೋಗಿದ್ದಿ?"

"ಮೂರ ಸಲ್ರಿ, ಅಕ್ಕಾರ."

ಅವರ ತುಟಿ ಅರಳಿತು. ಕಣ್ಣು ತೆರೆಯದೇ, "ಬರಕೊಂಡಿ?" ಎಂದರು.

ಎರಡು ದಿನದ ಮೇಲೆ, ಹೊತ್ತು ಮುಳುಗುವ ಮೊದಲೇ ಹೋದರು. ದವಾಖಾನೆಯಲ್ಲಿ ಅವರು ಕೇಳಿದ್ದಕ್ಕೆ ಇಷ್ಟೆಲ್ಲ ಬರೆದ ಮೇಲೆ ಈಗ ಉತ್ತರ ಕೊಡುತ್ತಿದ್ದೇನೆ. ಬರಕೊಂಡೀನ್ರಿ, ಅಕ್ಕಾರ.