ಕರ್ನಲ್ ಸ್ಟಕರನ ಖಡ್ಗ

ವರ್ಲೀನ್ ಸ್ಟಕರ್ ಇಂಡಿಯಾನಾದ ಹಂದಿ-ಜೋಳದ ಸೀಮೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಶಾಲಾ ಬಸ್ಸು ಓಡಿಸಿದವಳು. ಹಿಂದಿನ ಸೀಟಿನಲ್ಲಿ ಯಾರಾದರೂ ಜಡೆ ಎಳೆದರೆ ಒಮ್ಮೆ ಗದರುವಳು. ರಸ್ತೆ ಬದಿಯ ಹಸುಗಳೂ ಮೇಯುವುದನ್ನು ನಿಲ್ಲಿಸುತ್ತಿದ್ದವು. ಚರ್ಚಿನ ಹಾಡುವ ತಂಡದವರು, "ನೀನು ತುಟಿ ಆಡಿಸಿದ್ರೆ ಸಾಕಮ್ಮ" ಎಂದು ಕೈಮುಗಿದಿದ್ದರು. ಆ ಗಂಟಲು ಯಾರ ಕಡೆಯಿಂದ ಬಂತೆಂದು ವಂಶದಲ್ಲಿ ಯಾರೂ ಒಪ್ಪಿಕೊಂಡಿರಲಿಲ್ಲ.

ಅವಳ ಹೆಮ್ಮೆಯೆಲ್ಲ ಮುತ್ತಜ್ಜ ಕರ್ನಲ್ ಓರ್ವಿಲ್ ಸ್ಟಕರನ ಮೇಲೆ. ಪ್ರತಿ ಆಗಸ್ಟಿನಲ್ಲಿ ಸ್ಟಕರ್ ವಂಶದವರು ಚರ್ಚಿನ ಸಭಾಂಗಣದಲ್ಲಿ ಕೂಡಿ ಉಣ್ಣುವಾಗ ಗೋಡೆಯ ಮೇಲೆ ಅವನ ಫೋಟೋ ತೂಗುತ್ತಿತ್ತು: ಪೊದೆ ಮೀಸೆ, ಉಬ್ಬಿದ ಎದೆ, ಬಲಗೈಯಲ್ಲಿ ಅರ್ಧ ಮಾಸಿದ ಖಡ್ಗ. ಅಮೆರಿಕದ ಅಂತರ್ಯುದ್ಧದಲ್ಲಿ ಅವನು ಒಬ್ಬನೇ ಅಟ್ಟಿದ ಶತ್ರುಗಳು ವರ್ಷವರ್ಷಕ್ಕೂ ಹೆಚ್ಚಿ, ಹೋದ ವರ್ಷ ಎಂಟುನೂರಕ್ಕೆ ಬಂದು ನಿಂತಿದ್ದರು.

ಈ ಜುಲೈಯಲ್ಲಿ ಚಿಕ್ಕಪ್ಪನ ಮಗ ಡ್ವೈಟ್ ಚರ್ಚು ಬಿಟ್ಟಾಗ ಎಲ್ಲರೆದುರು ಅಡ್ಡಗಾಲು ಹಾಕಿದ.

"ಕರ್ನಲ್ ಅನ್ನೋದಕ್ಕೆ ಒಂದು ಕಾಗದ ತೋರಿಸು, ನಾನೇ ಸೆಲ್ಯೂಟ್ ಹೊಡೀತೀನಿ. ಇಲ್ಲಾಂದ್ರೆ ಆ ಮೀಸೆ ಗೋಡೆಯಿಂದ ಇಳೀಬೇಕು."

"ತರ್ತೀನಿ," ಎಂದಳು ವರ್ಲೀನ್. ಬೇರೇನು ಹೇಳಿಯಾಳು?

ದಂಡಯಾತ್ರೆ ಊರಿನ ಗ್ರಂಥಾಲಯಕ್ಕೆ ಹೊರಟಿತು. ಮೂರು ವಾರ ಸೈನಿಕರ ಪಟ್ಟಿಗಳನ್ನು ಜಾಲಾಡಿದಳು. ಸ್ಟಕರ್ ಹೆಸರಿನವರು ಇದ್ದರು: ಒಬ್ಬ ಅಡುಗೆಯವ, ಒಬ್ಬ ದಡಾರ ಬಂದು ಮನೆಗೆ ಮರಳಿದವ, ಒಬ್ಬ ದಡಾರವಿಲ್ಲದೆಯೂ ಮರಳಿದವ. ಕರ್ನಲ್ ಮಾತ್ರ ಇಲ್ಲ. ಜನಗಣತಿ ತೆಗೆದರೆ, ಯುದ್ಧ ಮುಗಿದಾಗ ಓರ್ವಿಲನಿಗೆ ಹದಿಮೂರು ವರ್ಷ.

"ಚಿಕ್ಕ ವಯಸ್ಸಿಗೇ ಕರ್ನಲ್ ಆಗಿರಬಹುದಲ್ಲ?" ಎಂದಳು.

"ಮೀಸೆ ಸಮೇತ?" ಎಂದಳು ಗ್ರಂಥಾಲಯದ ಹೇಝಲ್, ಮತ್ತು ೧೮೮೪ರ ಪತ್ರಿಕೆಯೊಂದನ್ನು ಮುಂದೆ ಹರಡಿದಳು.

'ಶನಿವಾರ ಜೆಸಪ್ ಅವರ ಹೊಲದಲ್ಲಿ ನಲವತ್ತು ಹಂದಿ, ಎರಡು ನೇಗಿಲು. ಹರಾಜು ಕೂಗುವವರು: ಕರ್ನಲ್ ಓ. ಸ್ಟಕರ್.'

"ನಮ್ಮ ಕಡೆ ಹರಾಜು ಕೂಗೋರನ್ನೆಲ್ಲ ಕರ್ನಲ್ ಅಂತಲೇ ಕರೀತಿದ್ರು ಕಣೆ. ದಂಡು ಗಿಂಡು ಏನಿಲ್ಲ."

"ಹಾಗಾದ್ರೆ ಖಡ್ಗ?"

"ಹಂದಿ ತಿವಿಯೋ ಬೆತ್ತ."

ಎಂಟುನೂರು ಶತ್ರುಗಳು ಒಂದೇ ಏಟಿಗೆ ನಲವತ್ತು ಹಂದಿಗಳಾದರು. ಆದರೆ ಮುಂದಿನ ವಾರದ ಪುಟದಲ್ಲಿ ಎರಡು ಸಾಲಿತ್ತು: 'ಕರ್ನಲ್ ಅವರ ಕೂಗಿಗೆ ಮೂರು ಮೈಲಿ ಆಚೆ ಪಾದ್ರಿಗಳ ಕುದುರೆ ಬೆದರಿ, ಗಾಡಿ ಸಮೇತ ಹೊಳೆಗೆ ಇಳಿಯಿತು.' ವರ್ಲೀನ್ ಅದನ್ನು ಎರಡು ಸಲ ಓದಿದಳು. ಕೈ ತಾನಾಗಿ ಗಂಟಲಿಗೆ ಹೋಯಿತು.

ಆಗಸ್ಟಿನ ಭಾನುವಾರ ಡ್ವೈಟ್ ಏಣಿ ಸಮೇತ ಬಂದಿದ್ದ. ವರ್ಲೀನ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಪತ್ರಿಕೆಯ ಪ್ರತಿಯನ್ನೂ ತೋರಿಸಿದಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಹಂದಿಗಳ ಸೇನಾಪತಿಗಳು ಇಳಿಯೋ ಹೊತ್ತಾಯ್ತು," ಎನ್ನುತ್ತ ಡ್ವೈಟ್ ಏಣಿ ಹತ್ತಿದ.

ವರ್ಲೀನ್ ಮೇಜಿನಿಂದ ಓಪಲ್ ಅತ್ತೆಯ ಜೆಲ್ಲಿಯನ್ನು ಎತ್ತಿಕೊಂಡಳು. ಕ್ಯಾರೆಟ್ ತುರಿ ಹಾಕಿದ ಆ ಹಸಿರು ಜೆಲ್ಲಿ ಪ್ರತಿವರ್ಷ ಬರುತ್ತಿತ್ತು, ಯಾರೂ ಮುಟ್ಟದೆ ಹಾಗೆಯೇ ಹೋಗುತ್ತಿತ್ತು. ಅವಳು ಗಂಟಲು ಪೂರ್ತಿ ಬಿಟ್ಟಳು.

"ಓಪಲ್ ಅತ್ತೆ ಕೈಯಾರೆ ಮಾಡಿದ ಜೆಲ್ಲಿ, ಯಾರು ಕೂಗ್ತೀರಿ, ಯಾರು ಕೂಗ್ತೀರಿ!"

ಕಿಟಕಿ ಗಾಜು ನಡುಗಿತು. ಏಣಿಯೂ ನಡುಗಿತು. ಸಾಕು ನಿಲ್ಲಿಸು ಎನ್ನಲು ಡ್ವೈಟ್ ಕೈಯೆತ್ತಿದ.

"ಕೈ ಎತ್ತಿದ್ರು ಏಣಿ ಮೇಲಿನೋರು, ಒಂದು ಡಾಲರ್!"

"ನಾನು ಕೂಗಿಲ್ಲ ಕಣೆ," ಎಂದು ಅವನು ಮತ್ತೊಂದು ಕೈಯನ್ನೂ ಬೀಸಿದ.

"ಎರಡು ಡಾಲರ್! ತನ್ನ ಮೇಲೆ ತಾನೇ ಏರಿಸ್ತಿದಾನೆ, ಅಷ್ಟು ಆಸೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ!"

ಮೂಲೆಯಲ್ಲಿ ತೊಂಬತ್ತೊಂದರ ಓಪಲ್ ಅತ್ತೆ ತಲೆಯೆತ್ತಿದಳು. "ಹತ್ತು ವರ್ಷದಲ್ಲಿ ಇವತ್ತೇ ನನಗೆ ಒಂದು ಮಾತು ಪೂರ್ತಿ ಕೇಳಿಸಿದ್ದು. ಯಾರು ತಗೊಂಡಿದ್ದು?"

ಡ್ವೈಟ್ ಏಣಿ ಇಳಿದು ಎರಡೂ ಕೈಯಲ್ಲಿ ಜೆಲ್ಲಿ ಹಿಡಿದು ನಿಂತ. ಹಾಗಾಗಿ ಫೋಟೋ ಇಳಿಯಲಿಲ್ಲ. ಕಾಗದದಲ್ಲಿ 'ಕರ್ನಲ್' ಎಂದೇ ಇತ್ತು, ಆದರೆ ಕರಾರಿನ ಸೆಲ್ಯೂಟಿಗೂ ಕೈ ಖಾಲಿ ಇರಲಿಲ್ಲ.

"ಇಲ್ಲೇ ಕೂತು ತಿನ್ನೋ," ಎಂದು ಅತ್ತೆ ಪಕ್ಕದ ಕುರ್ಚಿ ತಟ್ಟಿದಳು. "ಕ್ಯಾರೆಟ್ಟೆಲ್ಲ ತಳದಲ್ಲಿದೆ."